ಮಾತ್ರೆ ಒಂದೇ, ದೇಹ ಬೇರೆ

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮೊದಲಾದ ಪಂಚಾಯತುಗಳ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. 2000ದಲ್ಲಿ ಆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕಕ್ಕೆ ದೇಶದಾದ್ಯಂತ ತಡೆಯೊಡ್ಡಿತು. ಆದರೆ ಸಂತ್ರಸ್ತರ ಪಟ್ಟಿಯಲ್ಲಿರುವ ಅನೇಕ ಮನೆಗಳಲ್ಲಿ ಅಪಸ್ಮಾರದ ಔಷಧವು ಇಂದಿಗೂ ನಿತ್ಯದ ಅನ್ನದಷ್ಟೇ ಅನಿವಾರ್ಯವಾಗಿದೆ. ಅಲ್ಲಿ ಔಷಧ ಯಾವುದೆಂಬುದರಷ್ಟೇ, ಅದು ಎಷ್ಟೆಂಬುದೂ ಮುಖ್ಯ.

1938ರಿಂದ ಅಪಸ್ಮಾರಕ್ಕೆ ಬಳಕೆಯಲ್ಲಿರುವ ಫೆನಿಟಾಯಿನ್ ಎಂಬ ಔಷಧವನ್ನೇ ತೆಗೆದುಕೊಳ್ಳೋಣ. ಇದನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನ ಕಿಣ್ವಗಳದ್ದು. ಅಡಿಕೆ ಸುಲಿಯುವವನ ಕೈಗೆ ದಿನಕ್ಕೆ ಇಷ್ಟೇ ಎಂಬ ಮಿತಿಯಿರುವಂತೆ ಆ ಕಿಣ್ವಗಳಿಗೂ ಮಿತಿಯಿದೆ. ಮಿತಿಯ ಸಮೀಪಕ್ಕೆ ಬಂದಾಗ ಸ್ವಲ್ಪವೇ ಹೆಚ್ಚು ಬಂದರೂ ಅಂಗಳದಲ್ಲಿ ರಾಶಿ ಬೀಳುತ್ತದೆ.

ಇದನ್ನು ಗಣಿತದ ಒಂದು ಉದಾಹರಣೆಯಿಂದ ತಿಳಿಯಬಹುದು. 60 ಕಿಲೋ ತೂಕದ ವ್ಯಕ್ತಿಯ ದೇಹವು ದಿನಕ್ಕೆ ಗರಿಷ್ಠ 420 ಮಿಲಿಗ್ರಾಂ ಕರಗಿಸಬಲ್ಲುದೆಂದು ಇಟ್ಟುಕೊಳ್ಳೋಣ. ದಿನಕ್ಕೆ 300 ಮಿಲಿಗ್ರಾಂ ಕೊಟ್ಟರೆ ಲೀಟರ್ ರಕ್ತದಲ್ಲಿ ಸುಮಾರು 10 ಮಿಲಿಗ್ರಾಂ ನಿಲ್ಲುತ್ತದೆ. 350 ಕೊಟ್ಟರೆ 20. 380 ಕೊಟ್ಟರೆ 38. ಹಿತಕರವೆಂದು ವೈದ್ಯರು ಎಣಿಸುವ ಮಟ್ಟ 10ರಿಂದ 20. ಅದನ್ನು ಮೀರಿದರೆ ಕಣ್ಣು ಅದುರುವುದು, ನಡಿಗೆ ತೂರಾಡುವುದು, ಮಂಪರು ಕವಿಯುವುದು ಆರಂಭವಾಗುತ್ತದೆ. ಅಷ್ಟೇ ತೂಕದ ಇನ್ನೊಬ್ಬನ ಮಿತಿ 360 ಆಗಿದ್ದರೆ, ಅದೇ 300 ಮಿಲಿಗ್ರಾಂ ಅವನ ರಕ್ತದಲ್ಲಿ 20ಕ್ಕೆ ಏರುತ್ತದೆ. ಒಬ್ಬನಿಗೆ ಹಿತವಾದ ಮಾತ್ರೆ ಮತ್ತೊಬ್ಬನನ್ನು ಅಪಾಯದ ಅಂಚಿಗೆ ತರುವುದು ಹೀಗೆ.

ದೇಹವನ್ನು ಇಂತಹ ಲೆಕ್ಕಕ್ಕೆ ತಂದ ಮೊದಲಿಗರಲ್ಲಿ ಸ್ವೀಡನ್ನಿನ ಟೋರ್ಸ್ಟೆನ್ ಟಿಯೊರೆಲ್ ಒಬ್ಬರು. ಔಷಧವು ರಕ್ತದ ಮೂಲಕ ಅಂಗಾಂಶಗಳಿಗೆ ಹರಡಿ ಮತ್ತೆ ಹೊರಹೋಗುವ ಬಗೆಯನ್ನು ಅವರು 1937ರಲ್ಲಿ ಸಮೀಕರಣಗಳಲ್ಲಿ ತೋರಿಸಿದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಲೂಯಿಸ್ ಶೈನರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆಯಿಟ್ಟರು: ಅನೇಕ ರೋಗಿಗಳ ಸರಾಸರಿಯಿಂದ ಆರಂಭಿಸಿ, ಮುಂದಿರುವ ರೋಗಿಯ ಒಂದೆರಡು ರಕ್ತಪರೀಕ್ಷೆಗಳಿಂದ ಲೆಕ್ಕವನ್ನು ತಿದ್ದಿ, ಅವನಿಗೇ ಸಲ್ಲುವ ಪ್ರಮಾಣವನ್ನು ಕಂಪ್ಯೂಟರಿನಿಂದ ಊಹಿಸುವ ಕ್ರಮ ಅವರದು.

ಮಕ್ಕಳ ವಿಷಯದಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ. ನವಜಾತ ಶಿಶುವಿನ ಕಿಣ್ವಗಳು ಇನ್ನೂ ಬಲಿತಿರುವುದಿಲ್ಲ. ಆದರೆ ಎರಡು ಮೂರು ವರ್ಷದ ಮಗು ಅನೇಕ ಔಷಧಗಳನ್ನು ತನ್ನ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಬೇಗ ಕರಗಿಸುತ್ತದೆ. ಕ್ಷಯದ ಔಷಧ ಐಸೋನಿಯಾಜಿಡ್ ಮಕ್ಕಳ ರಕ್ತದಲ್ಲಿ ಸಾಕಷ್ಟು ಮಟ್ಟಕ್ಕೆ ಏರುತ್ತಿಲ್ಲವೆಂದು ಮನಗಂಡ ವಿಶ್ವ ಆರೋಗ್ಯ ಸಂಸ್ಥೆಯು, ಮಕ್ಕಳಿಗೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಇದ್ದ ಪ್ರಮಾಣವನ್ನು 2010ರ ಸುಮಾರಿಗೆ 10ಕ್ಕೆ ಏರಿಸಿತು.

ಆದರೆ ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಕ್ಕೆ ಬೇಕಾದ ಅಂಕಿಗಳು ಹುಟ್ಟುವುದು ಮನೆಯಲ್ಲಿ. ಮಗುವಿನ ಈಗಿನ ತೂಕ, ಮಾತ್ರೆ ನುಂಗಿದ ಗಂಟೆ, ತಪ್ಪಿದ ದಿನ, ಜೊತೆಗೆ ಕೊಡುತ್ತಿರುವ ಇತರ ಮದ್ದುಗಳು, ನಾಟಿ ಮದ್ದೂ ಸೇರಿ: ಇವು ತಿಳಿಯದೆ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಅರ್ಥವಿಲ್ಲ. ಕೊನೆಯ ಮಾತ್ರೆ ಬೆಳಗ್ಗೆ ಕೊಟ್ಟದ್ದೋ ಹಿಂದಿನ ರಾತ್ರಿ ಕೊಟ್ಟದ್ದೋ ಎಂಬುದರ ಮೇಲೆ ಆ ಅಂಕಿಯ ಅರ್ಥವೇ ಬದಲಾದೀತು.

ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ಇದರಲ್ಲಿ ವಿಶೇಷ ಎಚ್ಚರ ಬೇಕು. ಇಲ್ಲಿನ ರೋಗಿ ಇಂದು ಮಲಯಾಳ ಮಾತಾಡುವ ವೈದ್ಯರ ಮುಂದೆ, ನಾಳೆ ಮಂಗಳೂರಿನ ಆಸ್ಪತ್ರೆಯಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರು ಪಟ್ಟ ಪಾಡು ಮರೆಯುವಂಥದ್ದಲ್ಲ. ವೈದ್ಯರು ಬದಲಾಗಬಹುದು, ಭಾಷೆ ಬದಲಾಗಬಹುದು. ತೂಕ, ದಿನಾಂಕ, ಗಂಟೆ, ಮಿಲಿಗ್ರಾಂಗಳನ್ನು ಬರೆದಿಟ್ಟ ಒಂದು ಪುಸ್ತಕ ರೋಗಿಯೊಡನೆ ಹೋದರೆ ಹೊಸ ವೈದ್ಯರು ಮೊದಲಿನಿಂದ ಊಹಿಸಬೇಕಾಗಿಲ್ಲ. ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ದಿನಕ್ಕೆ ಎರಡು ನಿಮಿಷದಲ್ಲಿ ಮಾಡಬಹುದಾದ ಕೆಲಸವಿದು. ಆದರೆ ಪ್ರಮಾಣವನ್ನು ಏರಿಸುವುದು, ಇಳಿಸುವುದು, ಔಷಧವನ್ನು ಥಟ್ಟನೆ ನಿಲ್ಲಿಸುವುದು ಮನೆಯವರ ಕೆಲಸವಲ್ಲ; ಅದನ್ನು ವೈದ್ಯರೇ ನಿರ್ಧರಿಸಬೇಕು.