ದೋಸೆ ಮಾಮನ ಪೂರ್ತಿ ಹೆಸರೇನು?

ಇವತ್ತಿನ ಮಾತು ಸ್ವಲ್ಪ ಗಂಭೀರವಾದದ್ದು. ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳ ನಡುವೆ ನಮ್ಮ ಕನ್ನಡ ಕೂಟದ ವೇದಿಕೆಗಳಲ್ಲಿ ಇದನ್ನು ಎತ್ತುವವರು ಕಡಿಮೆ.

ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಶಾರ್ಲೆಟ್ ಹತ್ತಿರ ಐ-85 ಹೆದ್ದಾರಿಯಲ್ಲಿ ಕಾರು ಅಪಘಾತ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲಿ, ಮಾತಾಡುವ ಸ್ಥಿತಿಯಲ್ಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗನಿಗೆ ಮಾತ್ರ ಏನೂ ಆಗಿಲ್ಲ. ನಿಮ್ಮವರು ಯಾರಿದ್ದಾರೆ ಎಂದು ಪೊಲೀಸರು ಕೇಳುತ್ತಾರೆ. ಅಜ್ಜಿ ತಾತ ಶಿವಮೊಗ್ಗದಲ್ಲಿ. ‘ಮಾಮ ಇದ್ದಾರೆ’ ಅನ್ನುತ್ತಾನೆ. ಯಾವ ಮಾಮ? ‘ದೋಸೆ ಮಾಮ.’ ಪೂರ್ತಿ ಹೆಸರು ಗೊತ್ತಿಲ್ಲ. ನಂಬರ್ ಅಮ್ಮನ ಫೋನಿನಲ್ಲಿದೆ, ಫೋನಿಗೆ ಲಾಕ್ ಇದೆ. ಆಗ ಪೊಲೀಸರು ಕರೆಯುವುದು ಕೌಂಟಿಯ ಸಮಾಜ ಸೇವಾ ಇಲಾಖೆಯನ್ನು, ಅಂದರೆ ಡಿಎಸ್ಎಸ್ ಅನ್ನು.

ಈ ಹೆಸರು ಕೇಳಿದರೆ ನಮ್ಮ ಅಪ್ಪ ಅಮ್ಮಂದಿರಿಗೆ ಎದೆ ಝಲ್ಲೆನ್ನುತ್ತದೆ. 2011ರಲ್ಲಿ ನಾರ್ವೆಯ ಸ್ತವಾಂಗರ್‌ನಲ್ಲಿ ಒಂದು ಬಂಗಾಳಿ ದಂಪತಿಯ ಎರಡು ಮಕ್ಕಳನ್ನು ಸರ್ಕಾರ ಕರೆದುಕೊಂಡು ಹೋದ ಕಥೆ, 2023ರಲ್ಲಿ ಅದರ ಮೇಲೆ ಬಂದ ಹಿಂದಿ ಸಿನಿಮಾ, ಎರಡೂ ಸೇರಿ ಆ ಭಯವನ್ನು ಗಟ್ಟಿ ಮಾಡಿವೆ. ಆ ಭಯಕ್ಕೆ ಕಾರಣವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹೆದರುವುದಕ್ಕಿಂತ ಮೊದಲು ಇಲ್ಲಿ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಉತ್ತರ ಕೆರೊಲಿನಾದಲ್ಲಿ ನೂರು ಕೌಂಟಿಗಳಿವೆ. ಫಾಸ್ಟರ್ ಕೇರ್ ನಡೆಸುವವರು ಕೌಂಟಿಯವರು. ರಾಜ್ಯ ಮೇಲಿನಿಂದ ನೋಡಿಕೊಳ್ಳುತ್ತದೆ. ವರ್ಜೀನಿಯಾದಲ್ಲಿಯೂ ಹಾಗೆಯೇ, ಫೇರ್‌ಫ್ಯಾಕ್ಸ್‌ಗೆ ತನ್ನದೇ ಇಲಾಖೆ, ಲೌಡನ್‌ಗೆ ತನ್ನದೇ. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದಲ್ಲಿ ರಾಜ್ಯದ ಇಲಾಖೆಯೇ ಪ್ರತಿ ಕೌಂಟಿಯಲ್ಲಿ ಕಚೇರಿ ಇಟ್ಟುಕೊಂಡಿದೆ. ಹೀಗಾಗಿ ಮಗುವಿಗೆ ಸಿಗುವ ಆರೈಕೆ ಅದು ಯಾವ ಕೌಂಟಿಯಲ್ಲಿದೆ ಎನ್ನುವುದರ ಮೇಲೂ ನಿಂತಿರುತ್ತದೆ. ಕೋರ್ಟಿನ ಆದೇಶವಿಲ್ಲದೆ ಮಗುವನ್ನು ಬೇಕಾದಷ್ಟು ದಿನ ಇಟ್ಟುಕೊಳ್ಳುವಂತಿಲ್ಲ. ಉತ್ತರ ಕೆರೊಲಿನಾದಲ್ಲಿ ಅದಕ್ಕೆ 12 ಗಂಟೆಯ ಮಿತಿ, ರಜೆಯ ದಿನವಾದರೆ 24. ಆದೇಶ ಬಂದ ಮೇಲೂ 7 ದಿನದೊಳಗೆ ನ್ಯಾಯಾಧೀಶರ ಮುಂದೆ ವಿಚಾರಣೆ ಆಗಬೇಕು. ಜಾರ್ಜಿಯಾದಲ್ಲಿ ಮೊದಲ ವಿಚಾರಣೆ 72 ಗಂಟೆಯೊಳಗೆ.

ಈ ನಿಯಮಗಳೆಲ್ಲ ಸುಮ್ಮನೆ ಬಂದವಲ್ಲ. ವಾಷಿಂಗ್ಟನ್ ಡಿಸಿಯಲ್ಲಿ 1989ರಲ್ಲಿ ಲಾಶಾನ್ ಎಂಬ ಮಗುವಿನ ಹೆಸರಿನಲ್ಲಿ ನಗರದ ವಿರುದ್ಧ ಮೊಕದ್ದಮೆ ಹೂಡಿದರು. ಮಕ್ಕಳನ್ನು ಫಾಸ್ಟರ್ ಮನೆಗಳಲ್ಲಿ ಇಟ್ಟು ಮರೆತುಬಿಡುತ್ತಾರೆ ಎಂಬುದು ದೂರು. 1991ರಲ್ಲಿ ಫೆಡರಲ್ ಕೋರ್ಟ್ ಆ ದೂರನ್ನು ಒಪ್ಪಿತು. 1995ರಲ್ಲಿ ಇಲಾಖೆಯನ್ನೇ ನಗರದ ಕೈಯಿಂದ ತೆಗೆದು ಬೇರೆಯವರಿಗೆ ಒಪ್ಪಿಸಿತು. ಆರು ವರ್ಷದ ನಂತರ ಇಲಾಖೆ ನಗರಕ್ಕೆ ಮರಳಿತು, ಆದರೂ ಕೇಸು ಮುಗಿದದ್ದು 2021ರಲ್ಲಿ. ಮೂವತ್ತೆರಡು ವರ್ಷ! ಮೊದಲ ದಿನ ಆ ಕೇಸಿನಲ್ಲಿದ್ದ ಮಕ್ಕಳು ಅಷ್ಟರಲ್ಲಿ ನಮ್ಮ ಅಪ್ಪ ಅಮ್ಮನ ವಯಸ್ಸಿಗೆ ಹತ್ತಿರವಾಗಿದ್ದರು.

ಅಟ್ಲಾಂಟಾದ ಕೇಸು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಫುಲ್ಟನ್ ಮತ್ತು ಡಿಕಾಲ್ಬ್ ಕೌಂಟಿಗಳ ಮಕ್ಕಳ ಪರವಾಗಿ 2002ರಲ್ಲಿ ಹಾಕಿದ ‘ಕೆನ್ನಿ ಎ.’ ಮೊಕದ್ದಮೆ ಅದು. ಮಕ್ಕಳಿಗೆ ಸರ್ಕಾರದ ವಕೀಲರು ಇದ್ದರು, ಕಾಗದದ ಮೇಲೆ. ಫುಲ್ಟನ್‌ನಲ್ಲಿ ಒಬ್ಬೊಬ್ಬ ವಕೀಲರ ಪಾಲಿಗೆ ನಾನೂರಕ್ಕೂ ಹೆಚ್ಚು ಮಕ್ಕಳು. ನೂರು ಮಕ್ಕಳೇ ಹೆಚ್ಚಿನ ಮಿತಿ ಎಂದು ಆ ವೃತ್ತಿಯವರೇ ಹೇಳುತ್ತಿದ್ದರು. ನಾನೂರು ಮಕ್ಕಳಲ್ಲಿ ನಿಮ್ಮ ಹೆಸರು ವಕೀಲರಿಗೆ ನೆನಪಿರುತ್ತದೆಯೇ? ಮಗುವಿನ ಮಾತನ್ನು ನಿಜವಾಗಿ ಕೋರ್ಟಿಗೆ ಮುಟ್ಟಿಸುವ ವಕೀಲರು ಸಿಗುವುದು ಮಗುವಿನ ಹಕ್ಕು ಎಂದು 2005ರಲ್ಲಿ ನ್ಯಾಯಾಧೀಶ ಮಾರ್ವಿನ್ ಶೂಬ್ ತೀರ್ಪು ಕೊಟ್ಟರು. ಸ್ಥಳೀಯ ಇಲಾಖೆ ಒಳ್ಳೆಯದೋ ಅಲ್ಲವೋ ಎಂದು ನೋಡಬೇಕಾದರೆ ನಾನು ಮೊದಲು ಕೇಳುವುದು ಇದನ್ನೇ: ಒಬ್ಬ ಕೆಲಸಗಾರರ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ?

ಎರಡನೆಯ ಪ್ರಶ್ನೆ, ಬಂಧುಗಳನ್ನು ಹುಡುಕಿದರೇ? 2008ರ ಫೆಡರಲ್ ಕಾನೂನಿನ ಪ್ರಕಾರ, ಮಗುವನ್ನು ಮನೆಯಿಂದ ತೆಗೆದ 30 ದಿನದೊಳಗೆ ಅಜ್ಜಿ ತಾತ ಮತ್ತು ಹತ್ತಿರದ ವಯಸ್ಕ ಬಂಧುಗಳಿಗೆ ತಿಳಿಸಲು ಇಲಾಖೆ ಪ್ರಯತ್ನಿಸಬೇಕು. ಇದು ನಮಗೆ ಹೊಸದಲ್ಲ. ಅಜ್ಜಿ ಮನೆಯಲ್ಲಿ, ಸೋದರಮಾವನ ಮನೆಯಲ್ಲಿ ಬೆಳೆದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಜನ! ಕರ್ನಾಟಕದಲ್ಲಿ ಈಗ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇದೆ, ಬಾಲಮಂದಿರಗಳಿವೆ. ಆದರೂ ‘ನಮ್ಮ ಮಗು’ ಎಂದು ಎತ್ತಿಕೊಂಡು ಹೋಗುವ ಅತ್ತೆ ಮಾವಂದಿರು ಇನ್ನೂ ಇದ್ದಾರೆ.

ಇಲ್ಲಿ ನಮ್ಮ ಕಷ್ಟವೇನೆಂದರೆ, ರಕ್ತಸಂಬಂಧಿಗಳು ಏಳು ಸಮುದ್ರದಾಚೆ. ಹತ್ತಿರ ಇರುವವರು ಕಾವೇರಿ ಸಂಘದ ಅತ್ತೆ, ನೃಪತುಂಗ ಕೂಟದ ದೊಡ್ಡಪ್ಪ, ಕನ್ನಡ ಶಾಲೆಯ ಅಕ್ಕ. ಸ್ನೇಹಿತರಿಗೆ ಹೇಳುವಾಗ ‘ನಿಜವಾದ ಮಾಮ ಅಲ್ಲ’ ಎಂದು ನೀವು ಸೇರಿಸುತ್ತೀರಿ, ಅಲ್ಲವೇ? ಕಾನೂನು ಹಾಗೆ ಹೇಳುವುದಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ಮಗುವಿನ ಜೊತೆ ಗಟ್ಟಿಯಾದ ಬಾಂಧವ್ಯ ಇರುವವರಿಗೆ ಉತ್ತರ ಕೆರೊಲಿನಾದ ಕಾನೂನಿನಲ್ಲಿ ಪ್ರತ್ಯೇಕ ಹೆಸರೇ ಇದೆ: ನಾನ್‌ರೆಲೆಟಿವ್ ಕಿನ್. ಜಾರ್ಜಿಯಾ, ವರ್ಜೀನಿಯಾಗಳಲ್ಲಿ ಅದೇ ಅರ್ಥಕ್ಕೆ ಫಿಕ್ಟಿವ್ ಕಿನ್ ಎನ್ನುತ್ತಾರೆ. ಬಂಧುಗಳು ಸಿಗದಿದ್ದರೆ ಮಗುವನ್ನು ಇಂಥವರ ಮನೆಯಲ್ಲಿ ಇರಿಸುವುದನ್ನು ಕೋರ್ಟ್ ಪರಿಶೀಲಿಸಬಹುದು. ದೋಸೆ ಮಾಮ ಕಾನೂನಿನ ಪುಸ್ತಕದಲ್ಲಿದ್ದಾರೆ. ಆದರೆ ಅವರ ಹೆಸರು ಯಾರಾದರೂ ಹೇಳಬೇಕು.

ಅಪರಿಚಿತರ ಮನೆಯಲ್ಲಿ ಆ ಹುಡುಗನ ಮೊದಲ ರಾತ್ರಿ ಹೇಗಿರಬಹುದು? ಬಡಿಸಿದ್ದರಲ್ಲಿ ಮಾಂಸ ಇದೆಯೇ ಎಂದು ಕೇಳಲು ನಾಚಿಕೆ. ಮಲಗುವ ಮುಂಚೆ ಕನ್ನಡದಲ್ಲಿ ಎರಡು ಮಾತಾಡುವವರಿಲ್ಲ. ಒಳ್ಳೆಯ ಇಲಾಖೆ ಊಟ, ಭಾಷೆ, ದೇವರ ಕೋಣೆ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತದೆ. ಊರಿನ ಅಜ್ಜಿಯ ಜೊತೆ ಮಾತಾಡಬೇಕಾದರೆ ದುಭಾಷಿಯನ್ನು ಕರೆಸುತ್ತದೆ, ಮಗುವಿನ ಕೈಗೇ ಫೋನ್ ಕೊಡುವುದಿಲ್ಲ. (ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ ಅಜ್ಜಿಗೆ ದುಭಾಷಿ ಆದವರಿಗೆ ಅದರ ಭಾರ ಗೊತ್ತು.)

ನನಗೆ ಪರಿಚಯವಿರುವ ಕನ್ನಡ ಮನೆಗಳಲ್ಲಿ ಫಾಸ್ಟರ್ ಲೈಸೆನ್ಸ್ ಪಡೆದ ಮನೆ ಒಂದೂ ಇಲ್ಲ. ಉತ್ತರ ಕೆರೊಲಿನಾದಲ್ಲಿ ಅದಕ್ಕೆ 30 ಗಂಟೆಯ ತರಬೇತಿ ಬೇಕು, ನಾಲ್ಕೈದು ಶನಿವಾರ ಅಂದುಕೊಳ್ಳಿ. ಇದು ನಿಮ್ಮ ಅಪ್ಪ ಅಮ್ಮನ ಹತ್ತಿರ ಮಾತಾಡುವ ವಿಷಯ. ನೀವೇ ಮಾಡಬಹುದಾದದ್ದೂ ಇದೆ. 1977ರಲ್ಲಿ ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೂಕಪ್ ಶುರು ಮಾಡಿದ ‘ಕಾಸಾ’ದಲ್ಲಿ ಸಾಮಾನ್ಯ ಜನರೇ ಸ್ವಯಂಸೇವಕರಾಗಿ ಮಗುವನ್ನು ಮತ್ತೆ ಮತ್ತೆ ಭೇಟಿ ಮಾಡಿ ಕೋರ್ಟಿಗೆ ವರದಿ ಕೊಡುತ್ತಾರೆ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಉತ್ತರ ಕೆರೊಲಿನಾದಲ್ಲಿ ಇದೇ ಕೆಲಸಕ್ಕೆ ಗಾರ್ಡಿಯನ್ ಆಡ್ ಲೈಟಮ್ ಎನ್ನುತ್ತಾರೆ.

ಅಷ್ಟು ವಯಸ್ಸಾಗದವರು ಈ ವಾರ ಮನೆಯಲ್ಲಿ ತಮ್ಮ, ತಂಗಿಯ ಶಾಲೆಯ ತುರ್ತು ಸಂಪರ್ಕದ ಫಾರಂ ತೆಗೆದು ನೋಡಿ. ಅಪ್ಪ ಅಮ್ಮನ ಹೆಸರಿನ ಕೆಳಗೆ ಇನ್ನೆರಡು ಸಾಲು ಖಾಲಿ ಇರುತ್ತದೆ. ದೋಸೆ ಮಾಮನಿಗೆ ಫೋನ್ ಮಾಡಿ, ಅವರ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಕೇಳಿ ಬರೆಯಿರಿ.