ಅಪಸ್ವರಕ್ಕೆ ಯಂತ್ರದ ಮದ್ದು!

ಮೊನ್ನೆ ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ಹೋಗಿದ್ದೆ. ಹೊಸ ಗಾಯಕಿಯ ಮೊದಲ ಸಿನಿಮಾ ಹಾಡು. 'ಎರಡು ಕಡೆ ಶ್ರುತಿ ಇಳಿದಿದೆ, ಸರಿ ಮಾಡೋಣ ಬಿಡಿ' ಅಂದರು ಸೌಂಡ್ ಇಂಜಿನಿಯರ್.

ಮೊದಲು ಆಟೋ-ಟ್ಯೂನ್ ಹಾಕಿದರು. 1997ರಲ್ಲಿ ಇದನ್ನು ತಂದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ಭೂಮಿಯೊಳಗಿನ ತೈಲ ಹುಡುಕುವ ಲೆಕ್ಕಾಚಾರದಲ್ಲಿದ್ದವರು! ಹಾಡಿನ ಸ್ವರಗಳನ್ನು ಹೇಳಿಕೊಟ್ಟರೆ ಸಾಕು, ಜಾರಿದ್ದನ್ನು ಹತ್ತಿರದ ಸ್ವರಕ್ಕೆ ತಾನೇ ಎಳೆದು ಕೂರಿಸುತ್ತೆ. ವೇಗ ಅತಿಯಾದರೋ, ಕಂಠ ರೋಬೋ ಆಗುತ್ತೆ. 1998ರಲ್ಲಿ ಶೆರ್ ಹಾಡಿದ 'ಬಿಲೀವ್' ಕೇಳಿದವರಿಗೆ ಗೊತ್ತು. ಇಲ್ಲೂ ಅದೇ ಎಡವಟ್ಟು! ಜಾರಬೇಕಾದ ಗಮಕ ಮೆಟ್ಟಿಲು ಮೆಟ್ಟಿಲಾಯಿತು.

'ಸಾರ್, ಇದು ನನ್ನ ದನಿಯಾ?' ಹುಡುಗಿಯ ಕಣ್ಣಲ್ಲಿ ನೀರು.

ಆಮೇಲೆ ಜರ್ಮನಿಯ ಮೆಲೊಡೈನ್ ಬಂತು. ಇದರಲ್ಲಿ ಪ್ರತಿ ಸ್ವರವೂ ಪರದೆ ಮೇಲೆ ಒಂದೊಂದು ಉಂಡೆ. ತಪ್ಪಿದ ಉಂಡೆಯನ್ನಷ್ಟೇ ಹಿಡಿದು ಸರಿಸಿದರಾಯಿತು, ಗಮಕದ ತಂಟೆಗೆ ಹೋಗಬೇಕಿಲ್ಲ. ಆಟೋ-ಟ್ಯೂನಲ್ಲೂ ಕೈಯಾರೆ ತಿದ್ದುವ ದಾರಿ ಉಂಟು. ಅವಸರದಲ್ಲಿ ಯಾರು ಹಿಡೀತಾರೆ ಸ್ವಾಮಿ? ಅರ್ಧ ಗಂಟೆ ಕೂತು ಎರಡೇ ಉಂಡೆ ಸರಿಸಿದರು. ಹುಡುಗಿ ನಕ್ಕಳು.

ಪಿಯುಸಿಗೇ ಓದು ಬಿಟ್ಟ ನನಗೂ ಅರ್ಥವಾಯಿತು: ಅವಸರಕ್ಕೆ ಮೊದಲನೆಯದು, ಗಮಕಕ್ಕೆ ಎರಡನೆಯದು. ತಿದ್ದುವವರಿಗೆ ಕಿವಿ ಇಲ್ಲದಿದ್ದರೆ ಎರಡೂ ದಂಡ!