ನಿಮಗಿದು ಗೊತ್ತೇ? ಅಂಗಳದಲ್ಲಿ ಜೀಪು ಬಿಚ್ಚುವ ಮುನ್ನ

ಮಾಂದಲ್‌ಪಟ್ಟಿಯ ಏರಿರಲಿ, ಕಾಫಿ ತೋಟದ ಕೆಸರು ದಾರಿಯಿರಲಿ, ಜೀಪು ಹತ್ತಿದರೆ ನಾವು ಹೊಗಳುವುದು ಎಂಜಿನ್ನನ್ನು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್‌ಗಳು ನೆನಪಾಗುವುದು ಅಡಿಯಿಂದ ‘ಕರಕರ’ ಸದ್ದು ಬಂದಾಗ ಮಾತ್ರ. ಮನೆಯಲ್ಲೇ ಅವನ್ನು ಬಿಚ್ಚಲು ಕೂರುವವರಿಗೂ, ಪಕ್ಕದಲ್ಲಿ ಕೂತು ಸಲಹೆ ಕೊಡುವವರಿಗೂ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗಿದ್ದದ್ದು ಬರೀ 60 ಅಶ್ವಶಕ್ತಿ. ಅದರ ಬೆಟ್ಟ ಹತ್ತುವ ಗುಟ್ಟು ಗೇರುಗಳಲ್ಲಿತ್ತು. 1945ರಲ್ಲಿ ರೈತರಿಗೆಂದು ಬಂದ ಸಿಜೆ-2ಎ ಜೀಪಿನಲ್ಲಿ ಲೋ ರೇಂಜ್ ಹಾಕಿ ಮೊದಲ ಗೇರಿನಲ್ಲಿ ಹೊರಟರೆ, ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಸುಮಾರು 37 ಸುತ್ತು ತಿರುಗಬೇಕು!

● ಭಾರತದಲ್ಲಿ ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದು 1947ರಲ್ಲಿ. ನಮ್ಮ ಹಳೆಯ ಜೀಪುಗಳ ಹೊಟ್ಟೆಯೊಳಗಿನ ವಿನ್ಯಾಸ ಬಹುಪಾಲು ಆ ಅಮೆರಿಕನ್ ವಂಶದ್ದೇ.

● ‘ಹ್ಯಾಂಡ್ ಬ್ರೇಕ್ ಹಾಕಿದ್ದೇನಲ್ಲ’ ಎಂದು ಜೀಪಿನಡಿ ನುಗ್ಗಬೇಡಿ. ಹಳೆಯ ವಿಲ್ಲೀಸ್ ಮಾದರಿಯ ಜೀಪು, ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದಿರುವ ಡ್ರಮ್ಮನ್ನು. ಹಿಂದಿನ ಒಂದೇ ಚಕ್ರ ಎತ್ತಿದರೂ ಸಾಕು, ಡಿಫರೆನ್ಷಿಯಲ್ ದಾರಿ ಬಿಟ್ಟುಕೊಟ್ಟು ಗಾಡಿ ಉರುಳಬಹುದು. ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಮೇಲಂತೂ ಬ್ರೇಕಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇಲ್ಲ. ಗೇರಿನಲ್ಲಿ ನಿಲ್ಲಿಸಿದ್ದೂ ವ್ಯರ್ಥ. ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಅಡ್ಡ ಇಡಲೇಬೇಕು.

● ಜ್ಯಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದು ಸ್ಟ್ಯಾಂಡಿನ ಕೆಲಸ. ಹಾಲೋ ಬ್ಲಾಕ್ ಇಟ್ಟರೆ ನಡೆಯುತ್ತದೆ ಎನ್ನುವವರಿದ್ದಾರೆ. ಬ್ಲಾಕು ಮುನ್ಸೂಚನೆಯೇ ಕೊಡದೆ ಪುಡಿಯಾಗುತ್ತದೆ.

● ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿ ಬಂದರೆ ಲಿವರ್ ಬಿಗಿದುಕೊಳ್ಳುವುದೇಕೆ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಕೆಸರಲ್ಲಾದರೆ ಟೈರು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲಾರದೆ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಬೋಲ್ಟು ಬಿಚ್ಚಿದರೆ ಶಾಫ್ಟ್ ರಪ್ಪನೆ ತಿರುಗಿ ಕೈಗೆ ಬಡಿಯಬಹುದು.

● ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ವಾಹನಗಳಿಗಾಗಿ ಯೂನಿವರ್ಸಲ್ ಜಾಯಿಂಟ್ ರೂಪಿಸಿ ಪೇಟೆಂಟ್ ಪಡೆದದ್ದು 1903ರಲ್ಲಿ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಯುಜೆ ಕ್ರಾಸ್’. ಕೋನದಲ್ಲಿ ತಿರುಗುವಾಗ ಇದರ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟು ಆ ಏರಿಳಿತವನ್ನು ಸರಿದೂಗಿಸುತ್ತದೆ, ಎರಡರ ಕವಲುಗಳೂ ಒಂದೇ ನೇರದಲ್ಲಿದ್ದರೆ ಮಾತ್ರ. ಹಾಗಾಗಿ ಕಳಚುವ ಮುನ್ನ ಸುಣ್ಣದಲ್ಲೋ ಬಣ್ಣದಲ್ಲೋ ಗುರುತು ಹಾಕಿಕೊಳ್ಳಿ. ಅಡ್ಡಾದಿಡ್ಡಿ ಜೋಡಿಸಿದರೆ ಗಾಡಿಯಿಡೀ ನಡುಗುತ್ತದೆ.

● ಮಾರುತಿ ಜಿಪ್ಸಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎರಡಲ್ಲ, ಮೂರು! ಅದರ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ.

● ಫ್ಲೈವೀಲಿನ ನಡುವೆ ಹುದುಗಿರುವ ಪುಟ್ಟ ಬುಷ್ ಹೊರತೆಗೆಯಲು ಪುಲ್ಲರ್ ಇಲ್ಲವೇ? ತೂತಿನ ತುಂಬ ಗ್ರೀಸ್ ತುಂಬಿ, ಅದಕ್ಕೆ ಸರಿಹೊಂದುವ ಸರಳು ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಗ್ರೀಸ್ ಕುಗ್ಗದು, ಹೋಗಲು ಬೇರೆ ದಾರಿಯಿಲ್ಲದೆ ಬುಷ್ಷನ್ನು ಹಿಂದಿನಿಂದ ತಳ್ಳಿ ಹೊರಗೆ ಹಾಕುತ್ತದೆ. ನೆನೆಸಿದ ಬ್ರೆಡ್ಡಿನಿಂದಲೂ ಈ ಕೆಲಸ ಆಗುತ್ತದೆ!

● ಹಳೆಯ ಕ್ಲಚ್ ಪ್ಲೇಟಿನ ಧೂಳನ್ನು ಬಾಯಲ್ಲೂ ಏರ್ ಗನ್ನಲ್ಲೂ ಊದಬೇಡಿ. ಅದರಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ.

● ಡಿಫರೆನ್ಷಿಯಲ್ ಕಾರಿಗಿಂತ ಹಳೆಯದು. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಅದಕ್ಕೆ ಪೇಟೆಂಟ್ ಪಡೆದದ್ದು 1827ರಲ್ಲಿ, ಉಗಿ ಬಂಡಿಗಾಗಿ.

● ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಒಂದರ ಹಲ್ಲು ಮುರಿದರೂ ಎರಡನ್ನೂ ಬದಲಿಸಬೇಕು. ಸಿಜೆ-2ಎ ಜೀಪಿನ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಈ ಎರಡು ಸಂಖ್ಯೆಗಳನ್ನೂ ಭಾಗಿಸುವ ಸಂಖ್ಯೆ ಒಂದರ ಹೊರತು ಬೇರೆಯಿಲ್ಲ. ಹೀಗಾಗಿ ಇಂದು ಸಂಧಿಸಿದ ಎರಡು ಹಲ್ಲುಗಳು ಮತ್ತೆ ಸಂಧಿಸುವುದು ಪಿನಿಯನ್ 43 ಸುತ್ತು ತಿರುಗಿದ ಮೇಲೆ. ಸವೆತ ಎಲ್ಲ ಹಲ್ಲಿಗೂ ಸಮನಾಗಿ ಹಂಚಿಹೋಗಲೆಂದೇ ಈ ಲೆಕ್ಕ.

● ಆ ಹಲ್ಲುಗಳ ನಡುವೆ ಬಿಡಬೇಕಾದ ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್, ಅಂದರೆ ನೋಟ್‌ಬುಕ್ಕಿನ ಎರಡು ಹಾಳೆಯಷ್ಟು ದಪ್ಪ! ತೆಳು ಶಿಮ್‌ಗಳನ್ನು ಸೇರಿಸಿ, ತೆಗೆದು ಇದನ್ನು ಹೊಂದಿಸುತ್ತಾರೆ. ಬಳಿಕ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಮೂಡಿದ ಅಚ್ಚು ನೋಡುತ್ತಾರೆ. ಅಚ್ಚು ಹಲ್ಲಿನ ಅಂಚಿಗೆ ಬಿದ್ದಿದ್ದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಮನೆ ರಿಪೇರಿಯಲ್ಲಿ ತಾಳ್ಮೆ ಕೆಡುವುದೂ, ಹೊಸ ಗೇರು ವರ್ಷದೊಳಗೆ ಕೂಗತೊಡಗುವುದೂ ಇಲ್ಲೇ.

● ಬಿಗಿಯಾದ ಬೇರಿಂಗನ್ನು ಶಾಫ್ಟಿಗೆ ಕೂರಿಸಲು ಸುತ್ತಿಗೆ ಬೇಡ. ಎಣ್ಣೆಯಲ್ಲಿ ಬಿಸಿ ಮಾಡಿದರೆ ಹಿಗ್ಗಿ ತಾನೇ ಜಾರಿ ಕೂರುತ್ತದೆ. ಬಿಸಿ 120 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬೆಂಕಿಯ ಜ್ವಾಲೆ ನೇರವಾಗಿ ತಾಗಲೇಬಾರದು. ಹೌಸಿಂಗಿನೊಳಗೆ ಕೂರುವ ಹೊರಬಳೆಗೆ ಫ್ರಿಜ್ಜಿನ ಫ್ರೀಜರೇ ಸಾಕು. ಮನೆಯವರ ಒಪ್ಪಿಗೆ ಮಾತ್ರ ಮೊದಲೇ ಪಡೆದಿರಿ.

● ಆಯಿಲ್ ಸೋರಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಇದ್ದ ಆಯಿಲ್ ಖಾಲಿಯಾಗಿ, ಮೇಲಿನ ಪ್ಲಗ್ ತುಕ್ಕು ಹಿಡಿದು ಬಾರದಿದ್ದರೆ ಗಾಡಿ ನಿಂತಲ್ಲೇ ಉಳಿಯುತ್ತದೆ.

● ಗೇರ್ ಆಯಿಲ್ಲಿನ ಆ ಕೆಟ್ಟ ವಾಸನೆ ಗಂಧಕದ ಸಂಯುಕ್ತಗಳದು. ಭಾರೀ ಒತ್ತಡದಲ್ಲೂ ಹಲ್ಲುಗಳು ಕಚ್ಚಿಕೊಳ್ಳದಂತೆ ಕಾಯುವುದು ಅದೇ. ಆದರೆ ಡಿಫರೆನ್ಷಿಯಲ್ಲಿಗೆ ಹಾಕುವ ಜಿಎಲ್-5 ದರ್ಜೆಯ ಕೆಲವು ಆಯಿಲ್‌ಗಳು ಹಳೆಯ ಗೇರ್‌ಬಾಕ್ಸಿನ ಹಿತ್ತಾಳೆ ಬಳೆಗಳನ್ನು ತಿನ್ನುತ್ತವೆ. ಅಲ್ಲಿಗೆ ಜಿಎಲ್-4 ಬೇಕು. ಡಬ್ಬಿ ನೋಡಿ ಸುರಿಯಿರಿ.

● ಹಳ್ಳ ದಾಟಿದ ಜೀಪಿನ ಆಯಿಲ್ ಹಾಲು ಹಾಕಿದ ಕಾಫಿಯಂತಾಗುವುದುಂಟು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಗಾಳಿಕಿಂಡಿ, ಅಂದರೆ ಬ್ರೀದರ್, ಕೆಸರು ಕಟ್ಟಿದ್ದರೆ ಆಯಿಲ್ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಸಾವಿರಾರು ರೂಪಾಯಿಯ ಬೇರಿಂಗು ಹಾಳಾಗುವುದು ಬೆರಳುದ್ದದ ಬ್ರೀದರಿನಿಂದ.

● ಹೊಸ ಕ್ರೌನ್-ಪಿನಿಯನ್ ಮೊದಲ ಓಟದಲ್ಲಿ ವಿಪರೀತ ಬಿಸಿಯಾಗುತ್ತದೆ. ಇಪ್ಪತ್ತು-ಮೂವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಪೂರ್ತಿ ತಣಿಯಲು ಬಿಡಿ. ಸುಮಾರು 800 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಸೋರಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೆಳ್ಳಿ ಪುಡಿ ಸಿಕ್ಕರೆ ಭಯವಿಲ್ಲ, ಹೊಸ ಹಲ್ಲುಗಳು ಹೊಂದಿಕೊಂಡಿವೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮತ್ತೆ ಜ್ಯಾಕ್ ತನ್ನಿ. ಜೊತೆಗೆ ಸ್ಟ್ಯಾಂಡ್ ತರುವುದನ್ನು ಮರೆಯಬೇಡಿ.